ಕೌದಿ ಹೊಲಿಯುವ ಕೈಗೆ ಸಮಾಧಾನ

(ರೋಗಿಗಳಿಗೆ ಹಾಗೂ ಅವರ ಮನೆಯವರಿಗೆ ನೀಡಿದ ಉಪನ್ಯಾಸ)



ಆಸ್ಪತ್ರೆಗೆ ಬಂದವರಿಗೆ ಕಾಯುವುದೇ ದೊಡ್ಡ ಕೆಲಸ. ಡಾಕ್ಟರು ಬರಬೇಕು, ರಿಪೋರ್ಟ್ ಬರಬೇಕು, ಸಲೈನ್ ಮುಗಿಯಬೇಕು. ಕೈ ಖಾಲಿ ಇದ್ದಾಗ ಮನಸ್ಸು ಕೆಟ್ಟದ್ದನ್ನೇ ನೆನೆಯುತ್ತದೆ. ಈ ಹೊತ್ತಿಗೆ ಆಸರೆಯಾಗುವ, ನಿಮಗೆಲ್ಲ ಗೊತ್ತಿರುವ ಒಂದು ಕೆಲಸವಿದೆ. ಅದೇ ಕೌದಿ ಹೊಲಿಯುವುದು.

ನಮ್ಮ ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ ಒಂದರ ಮೇಲೊಂದು ಹಾಸಿ ಸಾಲುಸಾಲಾಗಿ ಹೊಲಿಯುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಅದು ಕವಂದಿ. ಎರಡಕ್ಕೂ ಹೊಸ ಬಟ್ಟೆ ಬೇಕಿಲ್ಲ, ಅವಸರವೂ ಇಲ್ಲ. ಹತ್ತು ಹೊಲಿಗೆ ಹಾಕಿ ಎತ್ತಿಟ್ಟರೂ ಅಷ್ಟು ಕೆಲಸ ಆದಂತೆಯೇ. ದಣಿದ ರೋಗಿಗೆ ಇದೇ ಅನುಕೂಲ.

2014ರಲ್ಲಿ ನಮ್ಮ ಅವ್ವನಿಗೆ ಗರ್ಭಕಂಠದ ಕ್ಯಾನ್ಸರ್ ಆಯಿತು. ನಾನು ರಿಪೋರ್ಟ್ ಓದಬಲ್ಲವಳು. ಆದರೆ ಅವ್ವನ ಮುಖ ನೋಡಿ ಮಾತನಾಡಲು ಆಗುತ್ತಿರಲಿಲ್ಲ. ಅವಳೂ ಏನೂ ಕೇಳುತ್ತಿರಲಿಲ್ಲ. ಒಂದು ದಿನ ಹಳೆಯ ಇಳಕಲ್ ಸೀರೆಗಳ ಗಂಟು ತರಿಸಿಕೊಂಡು, "ಸುಮ್ಮ ಯಾಕ ಕುಂತೀದಿ, ಸೂಜ್ಯಾಗ ದಾರ ಪೋಣಿಸಿ ಕೊಡು" ಎಂದಳು. ಒಂದು ಅಂಚು ಅವಳು, ಇನ್ನೊಂದು ಅಂಚು ನಾನು ಹಿಡಿದೆವು. ಮೂರನೆಯ ದಿನ ಹೊಲಿಗೆಯಿಂದ ಕಣ್ಣೆತ್ತದೆ, "ರಾತ್ರಿ ನನಗ ಭಾಳ ಅಂಜಿಕಿ ಆಗ್ತದ, ದೀಪ ಆರಿಸಬ್ಯಾಡ" ಎಂದಳು. ದಿನಾ ಪಕ್ಕದಲ್ಲೇ ಮಲಗುತ್ತಿದ್ದ ನನಗೆ, ಅದೂ ನರ್ಸ್ ಆಗಿದ್ದ ನನಗೆ, ಇದು ತಿಳಿದಿರಲಿಲ್ಲ. ಅಂದಿನಿಂದ ದೀಪ ಆರಿಸಲಿಲ್ಲ. ಆಮೇಲೆ ಅವಳು ಕೇಳಿದ್ದಕ್ಕೆಲ್ಲ ನಾನೂ ನಿಜವನ್ನೇ ಹೇಳಿದೆ.

ಕೌದಿ ಅವ್ವನ ರೋಗ ವಾಸಿ ಮಾಡಲಿಲ್ಲ. ಮರುವರ್ಷ ಅವಳು ತೀರಿಕೊಂಡಳು. ಆದರೆ ಹೇಳಬೇಕಾದ ಮಾತು ಯಾವುದೂ ಉಳಿದಿರಲಿಲ್ಲ. ಉಳಿದ ಕೌದಿಯನ್ನು ನಾನು ಹೊಲಿದು ಮುಗಿಸಿದೆ. ಈಗ ನನ್ನ ಮಗಳು ಅದನ್ನು ಹೊದೆಯುತ್ತಾಳೆ.

ನಿಮಗೂ ಹೊಲಿಯುವ ಮನಸ್ಸಾದರೆ ಇವನ್ನು ನೆನಪಿಡಿ:

1. ಮೊದಲು ವಾರ್ಡಿನ ಸಿಸ್ಟರ್‌ಗೆ ತಿಳಿಸಿ. ಕಿಮೋ ಪಡೆಯುವವರಿಗೆ ಸೂಜಿ ಚುಚ್ಚಿದರೆ ಸೋಂಕು ತಗಲಬಹುದು. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರಿಗೆ ರಕ್ತ ಬೇಗ ನಿಲ್ಲುವುದಿಲ್ಲ. ಇಂಥವರು ಬಟ್ಟೆ ಆರಿಸಿ ಜೋಡಿಸಲಿ, ಹೊಲಿಗೆ ಮನೆಯವರು ಹಾಕಲಿ.

2. ಸಕ್ಕರೆ ಕಾಯಿಲೆಯಿಂದ ಬೆರಳು ಜೋಮು ಹಿಡಿಯುವವರಿಗೆ ಚುಚ್ಚಿದ್ದೂ ತಿಳಿಯದು. ಬೆರಳ ತುದಿಗೆ ಲೋಹದ ಟೋಪಿ ಹಾಕದೆ ಹೊಲಿಯಬೇಡಿ.

3. ಸಲೈನ್ ಹಾಕಿದ ಕೈ, ಡಯಾಲಿಸಿಸ್ ನಡೆಯುತ್ತಿರುವ ಕೈ ಅಲುಗಾಡಬಾರದು.

4. ಬಟ್ಟೆ ಒಗೆದು ಬಿಸಿಲಿಗೆ ಒಣಗಿಸಿರಬೇಕು. ಸೂಜಿಗಳನ್ನು ಎಣಿಸಿ ಡಬ್ಬಿಯಲ್ಲಿಡಿ, ಹಾಸಿಗೆಯಲ್ಲಿ ಬಿಡಬೇಡಿ.

5. ಕಣ್ಣು, ಕುತ್ತಿಗೆ ನೋಯುವ ಮೊದಲೇ ಎತ್ತಿಡಿ.

ನಿದ್ರೆ, ಊಟ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ ಹೊಲಿಗೆ ಸಾಲದು. ಕೂಡಲೇ ವೈದ್ಯರಿಗೆ ಹೇಳಿ, ಸಂಕೋಚ ಬೇಡ.

ರೋಗಿಯ ಜೊತೆ ಬಂದಿರುವ ಅಣ್ಣಂದಿರೇ, ಇದು ಹೆಂಗಸರ ಕೆಲಸವೆಂದು ದೂರ ಕೂರಬೇಡಿ. ಸೂಜಿಗೆ ದಾರ ಪೋಣಿಸಿಕೊಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಮಾತನಾಡಿದರೆ ಕೇಳಿಸಿಕೊಳ್ಳಿ.