ಲೈಸನ್ಸು ಗೋಡೆಗೋ, ಕೈಗೋ?

(ಐರೋಲಿಯಲ್ಲಿ ನಡೆದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆ ನಾವು ಮಾತನಾಡಬೇಕೆಂದಿರುವುದು ಕೂದಲು ಕತ್ತರಿಸುವ, ಹುಬ್ಬು ತಿದ್ದುವ, ಮುಖಕ್ಕೆ ಬಣ್ಣ ಹಚ್ಚುವ ಕಸಬಿನ ವಿಚಾರ. ಕಾರ್ಮಿಕರ ಸಭೆಯಲ್ಲಿ ಇದೇನು ಸಿಂಗಾರದ ಮಾತೆಂದು ಹಿಂದಿನ ಸಾಲಿನವರು ನಗುವುದು ಕಾಣುತ್ತಿದೆ. ನಗಲಿ. ತಂದೆ ದುಡಿದ ಗಿರಣಿ ೧೯೮೨ರ ಮುಷ್ಕರದ ಬಳಿಕ ಮತ್ತೆ ತೆರೆಯದೆ ಹೋದ ಮನೆಗಳಲ್ಲಿ, ಇಂದು ಮಗಳೋ ಸೊಸೆಯೋ ಪಾರ್ಲರಿಗೆ ಹೋಗಿ ತರುವ ಸಂಬಳದಿಂದ ಅಕ್ಕಿ ಬರುತ್ತಿರುವುದನ್ನು ನಾವು ಬಲ್ಲೆವು.

ನಮ್ಮ ಸದಸ್ಯರೊಬ್ಬರ ಮಗಳು ಇಲ್ಲಿಯೇ ಒಂದು ಪಾರ್ಲರಿನಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿಯ ಮಾಲಕಿ ಹೊಸ ಯಂತ್ರವೊಂದನ್ನು ತರಿಸಿ, ಎರಡು ದಿನ ತೋರಿಸಿಕೊಟ್ಟು, ಗಿರಾಕಿಗಳ ಮುಖದ ನರಹುಲಿ ಸುಡಬೇಕೆಂದರಂತೆ. ಹುಡುಗಿ ಹಿಂಜರಿದಳು. "ಭಯವೇಕೆ? ಲೈಸನ್ಸು ಗೋಡೆಯ ಮೇಲಿದೆಯಲ್ಲ" ಎಂದು ಉತ್ತರ ಬಂತು. ಅಂದು ರಾತ್ರಿ ಅವಳು ಸಂಘದ ಕೋಣೆಗೆ ಬಂದು, "ಮಾಮ, ಆ ಲೈಸನ್ಸು ನನ್ನದೂ ಹೌದೇ?" ಎಂದು ಕೇಳಿದಳು.

ಅಲ್ಲ ಮಗಳೇ, ಎಂದೆವು. ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಲ್ಲಾದ ಹಿಂದೆ ಚೌಕಟ್ಟು ಹಾಕಿಸಿ ತೂಗಹಾಕಿದ ಲೈಸನ್ಸಿನಲ್ಲಿ, ಒಳಗೆ ಕಾವಲಿಯ ಮುಂದೆ ಮೂವತ್ತು ವರ್ಷ ದೋಸೆ ಹುಯ್ದವನ ಹೆಸರು ಇರುವುದುಂಟೇ? ಪಾರ್ಲರಿನಲ್ಲಿಯೂ ಹಾಗೆಯೇ. ಮಹಾರಾಷ್ಟ್ರದ ೧೯೪೮ರ ಅಂಗಡಿಗಳ ಕಾಯಿದೆ ಹೋಗಿ ೨೦೧೭ರದು ಬಂದಿದೆ. ಅದು ದೊಡ್ಡ ಅಂಗಡಿಗಳ ಕೆಲಸದ ವೇಳೆ, ವಾರದ ರಜೆಗಳನ್ನು ನೋಡುತ್ತದೆ. ನಾಲ್ಕೈದು ಜನರ ಸಣ್ಣ ಪಾರ್ಲರು ತಾನು ನಡೆಯುತ್ತಿದ್ದೇನೆಂದು ತಿಳಿಸಿದರೆ ಸಾಕು. ಐ.ಟಿ.ಐ.ಗಳಲ್ಲಿ ಕಾಸ್ಮೆಟಾಲಜಿ ಎಂಬ ಒಂದು ವರ್ಷದ ಶಿಕ್ಷಣವುಂಟು, ಸರಕಾರದ ಪ್ರಮಾಣಪತ್ರವೂ ಉಂಟು. ಆದರೆ ಅದಿಲ್ಲದೆ ಕತ್ತರಿ ಹಿಡಿಯಬಾರದೆಂಬ ಕಟ್ಟಳೆಯಿಲ್ಲ.

ಚರ್ಮವನ್ನು ಸುಟ್ಟು ನರಹುಲಿ ತೆಗೆಯುವುದು, ಸೂಜಿಯಿಂದ ಮದ್ದು ಚುಚ್ಚುವುದು ಮಾತ್ರ ಬೇರೆ ಮಾತು. ಅದು ವೈದ್ಯರ ಕೆಲಸ. ೨೦೧೯ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯ ೩೪ನೆಯ ಕಲಮಿನಂತೆ, ನೋಂದಾಯಿತ ವೈದ್ಯರಲ್ಲದವರು ವೈದ್ಯವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ ೫ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಯಂತ್ರ ಮಾಲಕಿಯದು, ಲಾಭವೂ ಅವರದೇ; ಗಿರಾಕಿಯ ಕೆನ್ನೆಯ ಮೇಲೆ ಆಡಿದ ಕೈ ಮಾತ್ರ ಹುಡುಗಿಯದು. ಕೆನ್ನೆ ಸುಟ್ಟು ಕಲೆಯಾದರೆ ಪೊಲೀಸರು ಮೊದಲು ಕೇಳುವುದು ಯಾರ ಹೆಸರನ್ನು?

ಹಾಗಾದರೆ ಗೋಡೆಯ ಬದಲು ಕೈಗೇ ಲೈಸನ್ಸು ಕೊಡಲಿ, ಅಮೇರಿಕದಲ್ಲಿ ಹಾಗೆಯೇ ಅಲ್ಲವೇ ಎಂದು ನಮ್ಮ ಕೆಲವು ಗೆಳೆಯರು ಕೇಳುತ್ತಾರೆ. ಮೊದಲು ನಮಗೂ ಅದೇ ಸರಿ ಎನ್ನಿಸಿತ್ತು. ಆದರೆ ಟೆಕ್ಸಸ್ ಸಂಸ್ಥಾನದ ಕಥೆ ಕೇಳಿ. ನಮ್ಮ ಹೆಣ್ಣುಮಕ್ಕಳು ಹಲ್ಲಿನಲ್ಲಿ ದಾರ ಕಚ್ಚಿ ಹುಬ್ಬು ತಿದ್ದುತ್ತಾರಲ್ಲ, ಆ ಕೆಲಸಕ್ಕೆ ಅಲ್ಲಿ ೭೫೦ ಗಂಟೆಗಳ ಶಿಕ್ಷಣ ಬೇಕೆಂದಿದ್ದರು. ಅದರಲ್ಲಿ ೩೨೦ರಷ್ಟು ಗಂಟೆಗಳಿಗೂ ದಾರಕ್ಕೂ ಸಂಬಂಧವೇ ಇರಲಿಲ್ಲ. ಪಟೇಲ್ ಎಂಬ ನಮ್ಮ ದೇಶದ ಮೂಲದವರೊಬ್ಬರೂ ಸಂಗಡಿಗರೂ ದಾವೆ ಹೂಡಿದರು. ೨೦೧೫ರ ಜೂನ್ ೨೬ರಂದು ಆ ಸಂಸ್ಥಾನದ ಉಚ್ಚತಮ ನ್ಯಾಯಾಲಯ ಆ ಕಟ್ಟಳೆಯನ್ನು ತಳ್ಳಿಹಾಕಿತು. ಒಂದು ಎಳೆ ದಾರಕ್ಕೆ ೭೫೦ ಗಂಟೆ! ಅಷ್ಟು ಹೊತ್ತಿನಲ್ಲಿ ನಮ್ಮ ಅಡಿಗೆಯವರು ಎಷ್ಟು ಮದುವೆ ಬಡಿಸಿ ಮುಗಿಸುತ್ತಿದ್ದರೋ.

ಅಷ್ಟು ದೂರ ಏಕೆ, ನಮ್ಮ ಮುಂಬಯಿಯದೇ ಸಂಗತಿ ಹೇಳುತ್ತೇವೆ, ಸ್ವಲ್ಪ ನಾಚಿಕೆಯಿಂದಲೇ ಹೇಳುತ್ತೇವೆ. ಚಲಚ್ಚಿತ್ರಗಳ ಮೇಕಪ್ಪಿನವರ ಸಂಘದಲ್ಲಿ ಹೆಂಗಸರಿಗೆ ಕೇಶಾಲಂಕಾರದ ಕಾರ್ಡು ಮಾತ್ರ ಸಿಗುತ್ತಿತ್ತು. ಮೇಕಪ್ಪಿನ ಕಾರ್ಡು ಗಂಡಸರಿಗೆ. ಜೊತೆಗೆ ಮಹಾರಾಷ್ಟ್ರದಲ್ಲಿ ಐದು ವರ್ಷ ವಾಸವಾಗಿರಬೇಕೆಂಬ ನಿಯಮ ಬೇರೆ. ಅಮೇರಿಕದಲ್ಲಿ ಕಲಿತು ಬಂದಿದ್ದ ಚಾರು ಖುರಾನಾ ಅವರಿಗೆ ೨೦೦೯ರಲ್ಲಿ ಸದಸ್ಯತ್ವ ನಿರಾಕರಿಸಿದರು. ೨೦೧೪ರ ನವೆಂಬರ್ ೧೦ರಂದು ಸರ್ವೋಚ್ಚ ನ್ಯಾಯಾಲಯ ಎರಡು ನಿಯಮಗಳನ್ನೂ ರದ್ದುಮಾಡಿತು. ಬಾಗಿಲು ಹಾಕಿದ್ದು ಮಾಲಕರಲ್ಲ, ಸರಕಾರವೂ ಅಲ್ಲ. ೧೯೨೬ರ ಕಾಯಿದೆಯಂತೆ ನೋಂದಾಯಿಸಿದ, ನಮ್ಮಂಥದೇ ಒಂದು ಕಾರ್ಮಿಕ ಸಂಘ. ಊರಿನಿಂದ ಬಸ್ಸು ಹತ್ತಿ ಬಂದ ಮಾರನೆಯ ದಿನವೇ ಗ್ಲಾಸು ತೊಳೆಯಲು ನಿಂತ ನಮಗೆ ಆ ಐದು ವರ್ಷದ ಮಾತು ಚುಚ್ಚಬೇಕು.

ಆದುದರಿಂದ ಕೈಗೆ ಲೈಸನ್ಸು ಬೇಕೆಂದು ಕೂಗುವ ಮೊದಲು ಅದರಲ್ಲಿ ಬರೆಯುವವರು ಯಾರು, ಎಷ್ಟು ಗಂಟೆ ಬರೆಯುತ್ತಾರೆ, ಯಾರನ್ನು ಹೊರಗಿಡುತ್ತಾರೆ ಎಂದು ಕೇಳೋಣ. ಗಿರಾಕಿಯ ಚರ್ಮ ಕಾಯುವ ಗೆರೆ ನಮಗೆ ಬೇಕು. ಬಡವರ ಮಗಳ ಅನ್ನಕ್ಕೆ ಅಡ್ಡ ಬರುವ ಬೇಲಿ ಬೇಡ.

ಅಲ್ಲಿಯವರೆಗೆ ಪಾರ್ಲರಿಗೆ ಹೋಗುವ ಮಕ್ಕಳಿಗೆ ನಮ್ಮ ಮಾತು ಇಷ್ಟೆ: ಕಲಿತದ್ದಕ್ಕೆ ಪ್ರಮಾಣಪತ್ರ ಪಡೆಯಿರಿ, ಅದರ ಮೂಲಪ್ರತಿಯನ್ನು ಮಾಲಕರ ಕೈಗೆ ಕೊಡಬೇಡಿ. ಯಾವ ಕೆಲಸಕ್ಕೆ ನೇಮಿಸಿದ್ದಾರೆಂದು ಬರಹದಲ್ಲಿ ಕೇಳಿ. ಸುಡುವ, ಚುಚ್ಚುವ ಕೆಲಸಕ್ಕೆ ಒಲ್ಲೆ ಎನ್ನಿ.

ನಮ್ಮ ಹುಡುಗಿ ಒಲ್ಲೆ ಎಂದಳು. ಮರುದಿನದಿಂದ ಅವಳಿಗೆ ನೆಲ ಒರೆಸುವ ಕೆಲಸ, ತಿಂಗಳ ಕೊನೆಗೆ ಸಂಬಳದಲ್ಲಿ ಕಡಿತ. ಬರುವ ಸೋಮವಾರ ಬೆಳಿಗ್ಗೆ ನಾವು ಆ ಮಾಲಕಿಯನ್ನು ಕಾಣಲು ಹೋಗುತ್ತೇವೆ. ಅವಳ ತಂದೆಯ ಜೊತೆಗೆ ಇನ್ನೂ ನಾಲ್ವರು ಬೇಕು. ಇಬ್ಬರಾದರೂ ಹೆಂಗಸರಿದ್ದರೆ ಒಳಿತು. ಚಹ ಕುಡಿದು ಹೊರಡುವ ಮೊದಲು ಹೆಸರು ಕೊಟ್ಟು ಹೋಗಿ.