ಸೋತು ಗೆಲ್ಲುವ ಲೆಕ್ಕ



ಆಟವೆಂದ ಮೇಲೆ ಗೆಲ್ಲುವುದೇ ಆಟಗಾರನ ಗುರಿಯೆಂದು ನಾವೆಲ್ಲರೂ ಸಹಜವಾಗಿ ನಂಬಿರುತ್ತೇವೆ. ಆದರೆ ಗೆಲ್ಲುವುದಕ್ಕಿಂತ ಸೋಲುವುದೇ ಲಾಭಕರವೆಂದು ಎಣಿಸಿ, ನಿಯಮಪುಸ್ತಕವನ್ನು ಎದುರಿಗಿಟ್ಟುಕೊಂಡೇ ಸೋತ ಒಂದು ತಂಡವುಂಟು. ಅದರ ನಡತೆ ಜಾಣತನವೋ ಅಧರ್ಮವೋ ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಇದು ನಡೆದುದು 1979ನೆಯ ಇಸವಿ ಮೇ 24ರಂದು, ಇಂಗ್ಲೆಂಡಿನ ವೂಸ್ಟರ್ ನಗರದಲ್ಲಿ. ಸ್ಪರ್ಧೆ ಬೆನ್ಸನ್ ಅಂಡ್ ಹೆಡ್ಜಸ್ ಕಪ್. ಪ್ರತಿಯೊಂದು ಪಕ್ಷಕ್ಕೂ 55 ಓವರುಗಳ, ಒಂದೇ ದಿನದ ಆಟ. ಐದೈದು ತಂಡಗಳ ಗುಂಪುಗಳು. ಪ್ರತಿ ಗುಂಪಿನಿಂದ ಮೊದಲ ಎರಡು ತಂಡಗಳು ಮುಂದಿನ ಸುತ್ತಿಗೆ ಹೋಗತಕ್ಕದ್ದು. ಸಾಮರ್‌ಸೆಟ್ ತಂಡವು ಅದುವರೆಗೆ ಮೂರು ಪಂದ್ಯಗಳನ್ನು ಗೆದ್ದು 9 ಅಂಕಗಳನ್ನು ಪಡೆದಿತ್ತು. ವೂಸ್ಟರ್‌ಷೈರ್, ಗ್ಲಾಮರ್ಗನ್ ತಂಡಗಳಿಗೆ ಆರಾರು ಅಂಕಗಳಿದ್ದುವು. ಮೇಲ್ನೋಟಕ್ಕೆ, ಸಾಮರ್‌ಸೆಟ್ಟಿನವರು ವೂಸ್ಟರಿನಲ್ಲಿ ಆಡಬೇಕಾಗಿದ್ದ ಕೊನೆಯ ಪಂದ್ಯವು ಬರಿಯ ಶಾಸ್ತ್ರಕ್ಕೆ ಆಡುವಂಥದು.

ಆದರೆ ಒಂದು ಸಣ್ಣ ಸಂದು ಉಳಿದಿತ್ತು. ಸಾಮರ್‌ಸೆಟ್ ಸೋತು, ಅತ್ತ ಗ್ಲಾಮರ್ಗನ್ ಗೆದ್ದರೆ, ಮೂರು ತಂಡಗಳಿಗೂ ಒಂಬತ್ತೇ ಅಂಕಗಳಾಗುತ್ತಿದ್ದುವು. ಆಗ ತಾರತಮ್ಯವನ್ನು ನಿರ್ಣಯಿಸುವುದು ಹೇಗೆ? ಒಂದೊಂದು ವಿಕೆಟನ್ನು ಪಡೆಯಲು ತಂಡವು ಸರಾಸರಿ ಎಷ್ಟು ಚೆಂಡುಗಳನ್ನು ಎಸೆಯಿತೆಂಬ ಲೆಕ್ಕದಿಂದ. ಚೆಂಡುಗಳ ಸಂಖ್ಯೆ ಕಡಮೆಯಾದಷ್ಟೂ ಸ್ಥಾನ ಮೇಲೆ.

ಈ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಒಂದು ತಂಡವು 990 ಚೆಂಡುಗಳಲ್ಲಿ 30 ವಿಕೆಟುಗಳನ್ನು ಪಡೆದಿದೆಯೆಂದಿಟ್ಟುಕೊಳ್ಳಿ, ಸರಾಸರಿ 33. ಮುಂದಿನ ಪಂದ್ಯದಲ್ಲಿ ಅದು 330 ಚೆಂಡುಗಳನ್ನು ಎಸೆದು ನಾಲ್ಕೇ ವಿಕೆಟುಗಳನ್ನು ಪಡೆದರೆ ಸರಾಸರಿ 39ರ ಸಮೀಪಕ್ಕೆ ಏರುತ್ತದೆ. ವಿಕೆಟೇ ಬೀಳದಿದ್ದರೂ ಹತ್ತೇ ಚೆಂಡುಗಳಲ್ಲಿ ಆಟ ಮುಗಿದರೆ ಸರಾಸರಿ 33ನ್ನು ಸ್ವಲ್ಪ ಮೀರುತ್ತದೆ, ಅಷ್ಟೆ. ಎಂದರೆ, ಹೋರಾಡಿ ಸೋಲುವುದು ಅಪಾಯ. ಹೋರಾಡದೆ ಬೇಗ ಸೋಲುವುದು ಕ್ಷೇಮ!

ನಾಯಕ ಬ್ರಯಾನ್ ರೋಸ್ ಈ ಗಣಿತವನ್ನು ಕಂಡುಕೊಂಡನು. ಮೊದಲು ಬ್ಯಾಟು ಹಿಡಿದ ಸಾಮರ್‌ಸೆಟ್ ಆಡಿದ್ದು ಒಂದೇ ಓವರು. ಬಂದದ್ದು ಒಂದೇ ರನ್ನು. ಅದೂ ನೋ-ಬಾಲಿನ ಕೃಪೆ. ಅಷ್ಟಕ್ಕೇ ಇನಿಂಗ್ಸನ್ನು ಡಿಕ್ಲೇರ್ ಮಾಡಿದರು. ವೂಸ್ಟರ್‌ಷೈರಿನವರು ಹತ್ತು ಚೆಂಡುಗಳಲ್ಲಿ ಬೇಕಾಗಿದ್ದ ಎರಡು ರನ್ನುಗಳನ್ನು ಪಡೆದರು. ಪಂದ್ಯ ಮುಗಿಯಿತು. ಇಡೀ ದಿನದ ಆಟವನ್ನು ನೋಡುವೆವೆಂದು ಹಣ ತೆತ್ತು ಬಂದಿದ್ದ ಕೆಲವೇ ಮಂದಿಗೆ ಹಣವನ್ನು ಹಿಂದಿರುಗಿಸಬೇಕಾಯಿತು.

ನಿಯಮವನ್ನು ರೋಸ್ ಮುರಿದನೇ? ಇಲ್ಲ. ಸೀಮಿತ ಓವರುಗಳ ಆಟದಲ್ಲಿ ಯಾರಾದರೂ ಡಿಕ್ಲೇರ್ ಮಾಡಿಯಾರೆಂದು ನಿಯಮ ಬರೆದವರಿಗೆ ತೋರಿರಲಿಲ್ಲ. ತೋರದುದನ್ನು ಅವರು ನಿಷೇಧಿಸಿರಲೂ ಇಲ್ಲ. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆಂಬ ಮಾತು ನಮ್ಮಲ್ಲಿ ಇದೆಯಷ್ಟೆ. ರೋಸ್ ತೂರಿದ್ದು ರಂಗೋಲಿಯ ಕೆಳಗೆ. ಒಂದು ಎಳೆಯೂ ಅಳಿಸಲಿಲ್ಲ.

ಅವನ ಪರವಾಗಿಯೂ ಒಂದು ಮಾತನ್ನು ಹೇಳಲೇಬೇಕು. ಸಾಮರ್‌ಸೆಟ್ ಕ್ಲಬ್ಬು ಸ್ಥಾಪಿತವಾದುದು 1875ರಲ್ಲಿ. ನೂರು ವರ್ಷಗಳು ಕಳೆದರೂ ಅದಕ್ಕೆ ಒಂದು ಪ್ರಶಸ್ತಿಯೂ ದಕ್ಕಿರಲಿಲ್ಲ. 1978ರಲ್ಲಂತೂ ಎರಡು ಪ್ರಶಸ್ತಿಗಳು ಒಂದೇ ವಾರಾಂತ್ಯದಲ್ಲಿ, ಶನಿವಾರ ಒಂದು ಭಾನುವಾರ ಒಂದರಂತೆ, ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ತಪ್ಪಿಹೋದುವು. ರಿಚರ್ಡ್ಸ್, ಬೋಥಮ್, ಗಾರ್ನರರಂಥ ಮಹಾ ಆಟಗಾರರಿದ್ದ ತಂಡದ ನಾಯಕನಿಗೆ, ಈ ಸಲವಾದರೂ ಸಂದಿಗೊಂದಿಗಳನ್ನೆಲ್ಲ ಮುಚ್ಚಿ ಭದ್ರಪಡಿಸಬೇಕೆಂಬ ಕಾತರ ಹುಟ್ಟಿದುದು ಆಶ್ಚರ್ಯವಲ್ಲ.

ಆದರೂ ಆ ನಡತೆಯನ್ನು ಮೆಚ್ಚುವುದಕ್ಕೆ ಮನಸ್ಸು ಒಪ್ಪದು. ಏಕೆ? ಕ್ರಿಕೆಟ್ಟಿನಲ್ಲಿ ಉಪಾಯಗಳಿಗೆ ಕೊರತೆಯಿಲ್ಲ. ಸೋಲನ್ನು ತಪ್ಪಿಸಲು ದಿನವೆಲ್ಲ ಚೆಂಡನ್ನು ತಡೆಯುತ್ತ ನಿಲ್ಲುವುದು ಉಪಾಯ. ರನ್ನು ಕೊಡದಂತೆ ಆಟಗಾರರನ್ನು ಮೈದಾನದ ಅಂಚಿಗೆ ಅಟ್ಟುವುದೂ ಉಪಾಯ. ಇವುಗಳನ್ನು ನಾವು ಅಧರ್ಮವೆನ್ನುವುದಿಲ್ಲ. ಏಕೆಂದರೆ ಇವುಗಳಿಗೆಲ್ಲ ಎದುರಾಳಿಯ ಕೈಯಲ್ಲಿ ಪ್ರತ್ಯುಪಾಯವಿರುತ್ತದೆ. ಸಾಮರ್‌ಸೆಟ್ಟಿನ ಉಪಾಯಕ್ಕೆ ವೂಸ್ಟರ್‌ಷೈರಿನವರು ಏನು ಉತ್ತರ ಕೊಡಬಹುದಾಗಿತ್ತು? ಏನೂ ಇಲ್ಲ. ಎದುರಾಳಿಗೆ ಉತ್ತರಕ್ಕೆ ಎಡೆಗೊಡುವುದು ಆಟದೊಳಗಿನ ಉಪಾಯ. ಆಟವನ್ನೇ ಇಲ್ಲವಾಗಿಸುವುದು ಆಟದ ಹೊರಗಿನದು. ಈ ಗೆರೆಯನ್ನು ನಿಯಮಪುಸ್ತಕವು ಎಳೆದಿರಲಿ ಬಿಡಲಿ, ಆಡುವವನ ಮನಸ್ಸು ಅದನ್ನು ಬಲ್ಲದು.

ಇದರೊಡನೆ ಹೋಲಿಸಲು ಇನ್ನೊಂದು ನಿದರ್ಶನವಿದೆ. 1999ರ ವಿಶ್ವಕಪ್ಪಿನಲ್ಲಿ, ಮೇ 30ರಂದು, ಮ್ಯಾಂಚೆಸ್ಟರಿನಲ್ಲಿ ಆಸ್ಟ್ರೇಲಿಯವು ವೆಸ್ಟ್ ಇಂಡೀಸನ್ನು 110 ರನ್ನುಗಳಿಗೆ ಉರುಳಿಸಿತು. ಬಳಿಕ ಸ್ಟೀವ್ ವಾ, ಬೆವನ್ ಇಬ್ಬರೂ ಆಮೆಯ ನಡಗೆಯಲ್ಲಿ ಆಡಿ, ಆ ಸಣ್ಣ ಮೊತ್ತವನ್ನು ದಾಟಲು ತಂಡವು ನಲವತ್ತಕ್ಕೂ ಹೆಚ್ಚು ಓವರುಗಳನ್ನು ತೆಗೆದುಕೊಳ್ಳುವಂತೆ ಮಾಡಿದರು. ವೆಸ್ಟ್ ಇಂಡೀಸಿನ ರನ್ ಸರಾಸರಿ ಹೆಚ್ಚು ಕೆಡದೆ, ನ್ಯೂಜಿಲೆಂಡಿಗೆ ಬದಲು ಅದೇ ಮುಂದಿನ ಸುತ್ತಿಗೆ ಬಂದರೆ ತಮ್ಮ ಗೆಲವಿನ ಅಂಕಗಳೂ ಜೊತೆಗೆ ಬರುವುವೆಂಬುದು ಅವರ ಎಣಿಕೆ. ಪ್ರೇಕ್ಷಕರು ಕೂಗಿ ಹೀಯಾಳಿಸಿದರು. ಮರುದಿನವೇ ನ್ಯೂಜಿಲೆಂಡ್ ಸ್ಕಾಟ್ಲೆಂಡನ್ನು ಹದಿನೆಂಟು ಓವರಿನೊಳಗೆ ಬೆನ್ನಟ್ಟಿ ಗೆದ್ದು ಆ ಎಣಿಕೆಯನ್ನು ಮಣ್ಣುಪಾಲು ಮಾಡಿತು. ಅಂದವಿಲ್ಲದ ಆಟ, ನಿಜ. ಆದರೂ ಆಸ್ಟ್ರೇಲಿಯ ಗೆಲ್ಲಲೇ ಆಡಿತು, ಎದುರಾಳಿಗೆ ವಿಕೆಟು ಉರುಳಿಸುವ ಅವಕಾಶ ಕೊನೆಯವರೆಗೂ ಇತ್ತು. ಅಲ್ಲಿ ಆಟ ಸೊರಗಿತು. ವೂಸ್ಟರಿನಲ್ಲಿ ಹುಟ್ಟಲೇ ಇಲ್ಲ.

ಈ ಎರಡೂ ಕಡೆ ದೋಷವು ಆಟಗಾರರದು ಮಾತ್ರವಲ್ಲವೆಂಬುದನ್ನು ಮರೆಯಲಾಗದು. ಸೋಲಿಗೂ ಆಲಸ್ಯಕ್ಕೂ ಬಹುಮಾನ ದೊರೆಯುವಂತೆ ಅಂಕಪಟ್ಟಿಯನ್ನು ಕಟ್ಟಿದರೆ, ಒಂದು ದಿನ ಯಾರಾದರೂ ಆ ಬಹುಮಾನಕ್ಕೆ ಕೈ ನೀಡದಿರರು. ಬೇಲಿ ಕಟ್ಟುವವನು ದನ ನುಗ್ಗಬಹುದಾದ ಕಂಡಿಯನ್ನು ಮೊದಲೇ ನೋಡಿರಬೇಕು.

ಸಾಮರ್‌ಸೆಟ್ಟಿನ ಗತಿ ಏನಾಯಿತು? ಜೂನ್ 1ರಂದು ಕ್ರಿಕೆಟ್ ಮಂಡಲಿಯು ಒಂದರ ವಿರುದ್ಧ ಹದಿನೇಳು ಮತಗಳಿಂದ ಆ ತಂಡವನ್ನು ಸ್ಪರ್ಧೆಯಿಂದ ಹೊರಹಾಕಿತು. ಯಾವ ಸ್ಥಾನವನ್ನು ಕಾಯಲೆಂದು ಆಟವನ್ನು ಬಿಟ್ಟರೋ ಆ ಸ್ಥಾನವೇ ಕೈಬಿಟ್ಟಿತು. ಸೀಮಿತ ಓವರುಗಳ ಆಟದಲ್ಲಿ ಡಿಕ್ಲೇರ್ ಮಾಡುವುದು ಅನಂತರ ನಿಷಿದ್ಧವಾಯಿತು. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದೇ ತಂಡವು ಗಿಲೆಟ್ ಕಪ್ಪನ್ನೂ ಜಾನ್ ಪ್ಲೇಯರ್ ಲೀಗನ್ನೂ ಎರಡು ದಿನಗಳಲ್ಲಿ ಒಂದರ ಹಿಂದೊಂದರಂತೆ ಗೆದ್ದಿತು. ನೂರು ವರ್ಷಗಳ ಹಸಿವು ಇಂಗಿದ್ದು ಆಡಿ, ಗೆದ್ದು. ಆಡದೆ ಉಳಿಸಿಕೊಂಡ ಲೆಕ್ಕದಿಂದ ಅಲ್ಲ. ಇಂಥ ಶಕ್ತಿಯುಳ್ಳ ತಂಡಕ್ಕೆ ಆ ಮೇ ತಿಂಗಳಿನಲ್ಲಿ ಬೇಕಾಗಿದ್ದುದು ಗಣಿತವಲ್ಲ, ತನ್ನ ಮೇಲೆ ತನಗೆ ನಂಬಿಕೆ.