ಜೋಡಿ ತಾರೆಯೋ, ಮಿಡಿಯುವ ತಾರೆಯೋ?



ರಾಜ್ಯೋತ್ಸವದ ಈ ತಿಂಗಳಿನಲ್ಲಿ ರಾತ್ರಿ ಊಟವಾದ ಮೇಲೆ ತಾವು ಮಹಡಿಯನ್ನೇರಿ ಉತ್ತರಕ್ಕೆ ಮುಖಮಾಡಿ ನಿಂತರೆ, ನಗರದ ದೀಪಗಳ ಕಾಟವಿದ್ದರೂ ಕುಂತಿ ಎಂಬ ನಕ್ಷತ್ರಪುಂಜವು ಇಂಗ್ಲಿಷಿನ ‘ಎಂ’ ಅಕ್ಷರದಂತೆ ಕಾಣುವುದು. ಅವಳ ಬಲಕ್ಕೆ ಪಾರ್ಥ, ಎಡಕ್ಕೆ ಯುಧಿಷ್ಠಿರ. ಮಕ್ಕಳು ತಾಯಿಯ ಮಗ್ಗುಲಲ್ಲಿಯೇ ಇದ್ದಾರೆ! ಪಾರ್ಥನಲ್ಲಿ ಆಲ್ಗಾಲ್, ಯುಧಿಷ್ಠಿರನಲ್ಲಿ ಡೆಲ್ಟಾ ಸೆಫೀ ಎಂಬ ತಾರೆಗಳಿವೆ. ಎರಡೂ ತಪ್ಪದ ಲೆಕ್ಕದಲ್ಲಿ ಮಂಕಾಗಿ ಮತ್ತೆ ಬೆಳಗುವುವು. ಕಾರಣ ಮಾತ್ರ ಬೇರೆ ಬೇರೆ.

ಎರಡರ ಏರಿಳಿತವನ್ನೂ ಲೆಕ್ಕ ಹಾಕಿದವನು ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಜಾನ್ ಗುಡ್‌ರಿಕ್. ಕಿವಿ ಕೇಳದ ತರುಣ. ಆಲ್ಗಾಲ್ ಸುಮಾರು 2 ದಿನ 21 ಗಂಟೆಗೊಮ್ಮೆ ಕುಂದುವುದನ್ನು ಕಂಡು, ಯಾವುದೋ ಕತ್ತಲ ಕಾಯವು ಅದಕ್ಕೆ ಅಡ್ಡ ಬರುತ್ತಿರಬಹುದೆಂದು 1783ರಲ್ಲಿ ಅವನು ಊಹಿಸಿದಾಗ ವಯಸ್ಸು 18. ಮರುವರ್ಷ ಡೆಲ್ಟಾ ಸೆಫೀಯ ಸರದಿ. 1786ರಲ್ಲಿ, 22 ತುಂಬುವ ಮೊದಲೇ, ತೀರಿಕೊಂಡನು.

ನಕ್ಷತ್ರವು ನಮ್ಮತ್ತ ಬಂದರೆ ಅದರ ವರ್ಣಪಟಲದ ಗೆರೆಗಳು ನೇರಳೆಯ ಕಡೆಗೂ, ದೂರ ಸರಿದರೆ ಕೆಂಪಿನ ಕಡೆಗೂ ಜರುಗುವುವು. 1889ರಲ್ಲಿ ಜರ್ಮನಿಯ ಫೋಗೆಲ್ ಆಲ್ಗಾಲಿನ ಗೆರೆಗಳನ್ನು ಪರೀಕ್ಷಿಸಿ, ಅದು ಜೋಡಿಯೇ ಸರಿ ಎಂದು ತೋರಿಸಿದನು. 1894ರಲ್ಲಿ ರಷ್ಯದ ಬೆಲೊಪೋಲ್‌ಸ್ಕಿಯು ಡೆಲ್ಟಾ ಸೆಫೀಯ ಗೆರೆಗಳೂ ಹಾಗೆಯೇ ಓಲಾಡುವುದನ್ನು ಕಂಡನು. ಹಾಗಾದರೆ ಇದೂ ಜೋಡಿ! ಸುಮಾರು 20 ವರ್ಷ ಬಹುಮಂದಿ ವಿದ್ವಾಂಸರು ಹಾಗೆಯೇ ನಂಬಿದ್ದರು. ಉಬ್ಬುವ ನಕ್ಷತ್ರದ ಮೈ ಕೂಡ ನಮ್ಮತ್ತ ಬರುತ್ತದೆ, ಕುಗ್ಗಿದಾಗ ದೂರ ಸರಿಯುತ್ತದೆ ಎಂಬುದು ಬೇಗನೆ ಹೊಳೆಯುವ ಮಾತಲ್ಲ.

ಬೇರ್ಪಡಿಸುವುದು ಹೇಗೆ? ಮೊದಲು ಬೆಳಕಿನ ನಕ್ಷೆ ಬರೆಯಬೇಕು. ಆಲ್ಗಾಲಿನದು ಎರಡು ದಿನಕ್ಕೂ ಮಿಕ್ಕಿ ಬಹುಮಟ್ಟಿಗೆ ಸಮತಟ್ಟು. ಆಮೇಲೆ ಐದು ಗಂಟೆಯಲ್ಲಿ ಬೆಳಕು ಮೂರನೆಯ ಒಂದು ಪಾಲಿಗೆ ಇಳಿದು, ಐದು ಗಂಟೆಯಲ್ಲಿ ಮರಳುವುದು. ಗ್ರಹಣವೆಂದರೆ ಹಿಡಿಯುವುದೂ ಬಿಡುವುದೂ ಒಂದೇ ರೀತಿ. ಡೆಲ್ಟಾ ಸೆಫೀ ಹಾಗಲ್ಲ. ಒಂದೂವರೆ ದಿನದಲ್ಲಿ ಸರ್ರನೆ ಏರಿ, ಸುಮಾರು ನಾಲ್ಕು ದಿನ ನಿಧಾನವಾಗಿ ಇಳಿಯುವುದು. ನಡುವೆ ಸಮತಟ್ಟೇ ಇಲ್ಲ. ಬಣ್ಣವೂ ಬದಲಾಗುವುದು: ಬೆಳಗಿದಾಗ ಹೆಚ್ಚು ಬಿಸಿ, ಮಂಕಾದಾಗ ಕಡಮೆ. ಕೊನೆಯ ಪೆಟ್ಟು ಕೊಟ್ಟವನು ಅಮೆರಿಕದ ಷೇಪ್ಲಿ, 1914ರಲ್ಲಿ. ಇಂಥ ತಾರೆಗಳು ಜೋಡಿಯೆಂದು ಲೆಕ್ಕ ಹಾಕಿದರೆ, ಜೊತೆಗಾರನು ತಾರೆಯ ಹೊಟ್ಟೆಯೊಳಗೇ ಸುತ್ತಬೇಕಾಗುವುದು! ಒಳಗಿನ ಹೀಲಿಯಂ ಪದರವು ಅನ್ನದ ಪಾತ್ರೆಯ ಮುಚ್ಚಳದಂತೆ ಶಾಖವನ್ನು ತಡೆದು ಬಿಡುವುದರಿಂದ ಈ ಮಿಡಿತವೆಂದು ಆಮೇಲೆ ತಿಳಿಯಿತು.

ಇದರಿಂದೇನು ಎನ್ನಬಹುದು. ಮಿಡಿತ ನಿಧಾನವಾದಷ್ಟೂ ತಾರೆಯ ನಿಜವಾದ ಬೆಳಕು ಹೆಚ್ಚೆಂದು ಹೆನ್ರಿಯೆಟಾ ಲೆವಿಟ್ ಎಂಬಾಕೆ 1912ರಲ್ಲಿ ತೋರಿಸಿದ್ದಳು. ಈ ಅಳತೆಗೋಲನ್ನೇ ಹಿಡಿದು, 1923ರಲ್ಲಿ ಕಂಡ ಒಂದು ಮಿಡಿಯುವ ತಾರೆಯಿಂದ, ದ್ರೌಪದಿ ಪುಂಜದ ಮಂಜುಮಚ್ಚೆಯು ನಮ್ಮ ಆಕಾಶಗಂಗೆಯ ಹೊರಗಿನದೆಂದು ಹಬಲ್ ತಿಳಿಸಿದನು. ಜೋಡಿಯನ್ನು ಮಿಡಿಯುವುದೆಂದು ಎಣಿಸಿದರೆ ದೂರದ ಲೆಕ್ಕವೇ ಸುಳ್ಳಾಗುವುದು.

ಇನ್ನು ನಮ್ಮ ಧ್ರುವ. ಮದುವೆಯಲ್ಲಿ ಅಚಲವೆಂದು ತೋರಿಸುವ ಆ ತಾರೆಯೂ ಸುಮಾರು ನಾಲ್ಕು ದಿನಕ್ಕೊಮ್ಮೆ ಮಿಡಿಯುತ್ತದೆ. ಕಣ್ಣಿಗೆ ಗೊತ್ತಾಗದಷ್ಟು ಮೆಲ್ಲಗೆ. ಜೊತೆಗೆ ಒಬ್ಬ ಸಂಗಾತಿ ಸುಮಾರು 30 ವರ್ಷಕ್ಕೊಮ್ಮೆ ಅದನ್ನು ಸುತ್ತುತ್ತಾನೆ. ಗೆರೆಗಳ ನಾಲ್ಕು ದಿನದ ಓಲಾಟ ಮಿಡಿತದ್ದು, 30 ವರ್ಷದ ಓಲಾಟ ಸಂಗಾತಿಯದು.